ಹೊಳಿ ನೀರು ಕುಡಿದ ಗಾಡಿ

ನಮ್ಮ ಕಡೆ ಹಳೇ ಗಾಡಿ ಕೊಳ್ಳುವವರು ಎತ್ತಿನ ಸಂತೆಯಲ್ಲಿ ಹಲ್ಲು ನೋಡಿದ ಹಾಗೆ ಮೊದಲು ಬಾನೆಟ್ ಎತ್ತಿಸಿ ಎಂಜಿನ್ ಸಪ್ಪಳ ಕೇಳುತ್ತಾರೆ. ಟೈರು ಎಷ್ಟು ಸವೆದಿದೆ ಎಂದು ಒತ್ತಿ ನೋಡುತ್ತಾರೆ. ಕಾಗದಪತ್ರ ತಿರುವಿ, ಚಹಾ ಕುಡಿದು, ರೇಟು ಮುರಿಸುತ್ತಾರೆ. ಕಾಲಡಿಯ ಕಾರ್ಪೆಟ್ ಎತ್ತಿ ನೋಡುವವರು ಕಡಿಮೆ. ಬೊಲೆರೊ ಕ್ಯಾಂಪರ್ ನಮ್ಮ ಮನೆಗೆ ಬಂದದ್ದೂ ಹಾಗೆಯೇ. ಮುಂದೆ ಇಬ್ಬರು, ಹಿಂದಿನ ಸೀಟಿನಲ್ಲಿ ಮೂವರು, ಅದರ ಬೆನ್ನಿಗೆ ಸಾಮಾನು ಹೇರುವ ಡಾಲಾ. ಹೊಲಕ್ಕೂ ಆಯಿತು, ಬೀಗರ ಮನೆಗೂ ಆಯಿತು ಎನ್ನುವಂಥ ಗಾಡಿ. ನಂಬರು ಕೆಎ-24, ಅಂದರೆ ನಮ್ಮ ಬೈಲಹೊಂಗಲದ್ದೇ. ಸೀಟಿಗೆ ಕೆಂಪು ಮಖಮಲ್ಲು, ಗಾಜಿನ ಸುತ್ತ ಜರಿ ಗೊಂಡೆ, ರೂಫಿನಲ್ಲಿ ನೀಲಿ ದೀಪದ ಸಾಲು. ರೇಟು ಮಾತ್ರ ಯಾಕೋ ಕಡಿಮೆ ಇತ್ತು. ಕಾರಣ ಏನೋ ಇರಲೇಬೇಕು ಅಂತ ಮನಸ್ಸು ಹೇಳಿದರೂ ಮಾರುವವನು ಹೇಳಲಿಲ್ಲ.

ಗಾಡಿ ಬೇಕಾದದ್ದು ಅಪ್ಪನ ಸಲುವಾಗಿ. ಅಪ್ಪ ನವಿಲುತೀರ್ಥದಲ್ಲಿ ನೀರಾವರಿ ಇಲಾಖೆಯ ಗೇಜು ಓದುವ ಕೆಲಸದಲ್ಲಿದ್ದವರು. ಸವದತ್ತಿ ಹತ್ತಿರ ಗುಡ್ಡಗಳ ನಡುವಿನ ಸಂದಿಗೆ ಅಡ್ಡ ಕಟ್ಟಿದ ಆಣೆಕಟ್ಟು ಅದು. ತುಂಬಿದರೆ ಮಟ್ಟ 2079.50 ಅಡಿ, ನೀರು 37.73 ಟಿಎಂಸಿ. ಈ ಎರಡು ಸಂಖ್ಯೆಗಳನ್ನು ನಾವು ಮಕ್ಕಳು ಮಗ್ಗಿಗಿಂತ ಮೊದಲೇ ಕಲಿತಿದ್ದೆವು. ಮಲಪ್ರಭೆಯನ್ನು ಜೀವನವಿಡೀ ಒಂದೇ ಜಾಗದಲ್ಲಿ ನಿಂತು ನೋಡಿದ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ಒಂದು ಹಟ ಹುಟ್ಟಿತು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹೊಳೆ ಹುಟ್ಟುವುದನ್ನು ನೋಡಬೇಕು, ಅಲ್ಲಿಂದ ಅದರ ಜೊತೆಗೇ ಇಳಿಯಬೇಕು. ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ, ಮುನವಳ್ಳಿ, ನವಿಲುತೀರ್ಥ, ರಾಮದುರ್ಗ, ಪಟ್ಟದಕಲ್ಲು, ಐಹೊಳೆ ದಾಟಿ ಕೃಷ್ಣೆಯನ್ನು ಕೂಡುವ ಕೂಡಲಸಂಗಮದ ತನಕ. ಹೊಳೆಯ ಉದ್ದ ಸುಮಾರು ಮುನ್ನೂರು ಕಿಲೋಮೀಟರು. ಕಾರಿನಲ್ಲಿ ಎರಡು ದಿನಕ್ಕೆ ಮುಗಿಸಬಹುದಿತ್ತು. ಆದರೆ ಅಪ್ಪನಿಗೆ ಲಾಡ್ಜು ಆಗಿಬರುವುದಿಲ್ಲ, ಹೊಳಿ ದಂಡೆಯಲ್ಲೇ ವಸ್ತಿ ಆಗಬೇಕು. ಜೊತೆಗೆ ಸಕ್ಕರೆ ಕಾಯಿಲೆ. ಒಡೆಯದ ಇನ್ಸುಲಿನ್ ಶೀಶೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಹೀಗಾಗಿ ಬೆಳಕು, ಗಾಳಿ, ತಂಪು ಮೂರೂ ಗಾಡಿಯಲ್ಲೇ ಇರಬೇಕಾಯಿತು.

ಗಾಡಿಯಲ್ಲೇ ಮಲಗಿ, ಅದರ ಮಗ್ಗುಲಲ್ಲೇ ಒಲೆ ಹೂಡಿ ಊರು ದಾಟುವುದನ್ನು ಹೊಸ ಹವ್ಯಾಸ ಅಂತ ಮೊಬೈಲಿನಲ್ಲಿ ತೋರಿಸಿದರೆ ಅವ್ವನಿಗೆ ನಗು. ಅವಳು ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಚಕ್ಕಡಿಯಲ್ಲಿ ಹೋದವಳು. ಬಿದಿರಿನ ಚಾಪೆ ಬಗ್ಗಿಸಿ ಮೇಲೆ ಕಟ್ಟಿದ ಕೊಲ್ಲಾರಿ, ಒಳಗೆ ಹುಲ್ಲಿನ ಮೇಲೆ ಕೌದಿ, ಚಕ್ಕಡಿಯ ಕೆಳಗೆ ಜೋತಾಡುವ ಕಂದೀಲು. ಬುಟ್ಟಿ ತುಂಬ ಕಡಕ್ ರೊಟ್ಟಿ, ಗುರೆಳ್ಳ ಹಿಂಡಿ. ಹೊರಡುವ ಮುಂಚೆ ಮನೆಯ ಗಂಡಸರು ಗಾಲಿಗೆ ಕೀಲೆಣ್ಣೆ ಹಾಕಿದರೆ, ಹೆಂಗಸರು ಎತ್ತಿನ ಜೂಲ, ಗೆಜ್ಜೆ ಒರೆಸಿ ಬೆಳಗುತ್ತಿದ್ದರಂತೆ. "ಕೀಲೆಣ್ಣಿ ಮೊದಲ, ಜೂಲ ಆಮ್ಯಾಲೆ. ನಿಮ್ಮ ಗಾಡ್ಯಾಗ ಬರೇ ಜೂಲ ಐತಿ ನೋಡ" ಎಂದು ಅವಳು ಅಂಗಳದಲ್ಲಿ ನಿಂತ ಕ್ಯಾಂಪರನ್ನು ನೋಡಿದ ದಿನವೇ ಅಂದಿದ್ದಳು.

ಗಾಡಿ ಎರಡು ರಾತ್ರಿ ಸುಮ್ಮನೆ ನಿಂತರೆ ಮೂರನೆಯ ಬೆಳಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಬ್ಯಾಟರಿ ಹೊಸದು. ಬೈಲಹೊಂಗಲದಲ್ಲಿ ನನಗೆ ಗೊತ್ತಿದ್ದ ವೈರಿಂಗ್ ಮಿಸ್ತ್ರಿ ಟ್ರ್ಯಾಕ್ಟರ್, ಲಾರಿಗಳ ಮೇಲೆ ಕೈ ಕುದುರಿಸಿಕೊಂಡವನು, ಮಾತು ಕಡಿಮೆ, ಸಿಟ್ಟು ಬೇಗ. ಎಲ್ಲ ಸ್ವಿಚ್ಚು ಬಂದ್ ಮಾಡಿ, ಬ್ಯಾಟರಿಯ ಮೈನಸ್ ಕಳಚಿ, ನಡುವೆ ಮೀಟರ್ ಇಟ್ಟ. 0.9 ಆಂಪಿಯರ್ ತೋರಿಸಿತು. "ನಿದ್ದಿ ಮಾಡೂ ಗಾಡಿ 0.05ಕ್ಕಿಂತ ಹೆಚ್ಚ ಕುಡೀಬಾರದ್ರಿ ಸರ್ರ. ಇದು ದಿನಕ್ಕ ಇಪ್ಪತ್ತ ಆಂಪಿಯರ್-ಅವರ್ ಮ್ಯಾಲೆ ಕುಡೀತೈತಿ" ಎಂದವನು ಒಂದೊಂದೇ ಫ್ಯೂಜ್ ಕಿತ್ತು ನೋಡುತ್ತ ಹೋದ. ಎಲ್ಲ ಫ್ಯೂಜ್ ಕಿತ್ತರೂ ಮೀಟರಿನ ಅಂಕಿ ಇಳಿಯಲಿಲ್ಲ. ಅಂದರೆ ಫ್ಯೂಜಿಗೆ ತಿಳಿಯದಂತೆ ಯಾರೋ ಬ್ಯಾಟರಿಯಿಂದ ನೇರ ವೈರು ಎಳೆದಿದ್ದಾರೆ. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದ. "ಬಿಚ್ಚೂನಾ?"

ಬಿಚ್ಚಿದ. ಡ್ಯಾಶ್‌ಬೋರ್ಡ್ ಹಿಂದಿನಿಂದ ಹೊರಬಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕಂಪನಿಯ ವೈರಿಂಗಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ ಇರುತ್ತದೆ. ಮೇಲೆ ಸೇರಿಸಿದ್ದೆಲ್ಲ ಮಾತ್ರ ಒಂದೇ ಗುಲಾಬಿ ಬಣ್ಣದ ತೆಳು ವೈರು, ಒಂದೇ ಉಂಡೆಯಿಂದ ಕತ್ತರಿಸಿದ್ದು. ಸಿಪ್ಪೆ ಸುಲಿದು, ಹೊಸೆದು, ಟೇಪು ಸುತ್ತಿದ ಗಂಟುಗಳು. ಒಂದು ಎಳೆ ಹಿಡಿದು ಹೋದರೆ ಹಲವು ಸ್ವರದ ಮ್ಯೂಸಿಕ್ ಹಾರ್ನು. ಇನ್ನೊಂದು ಹಿಡಿದರೆ ಡಾಲಾದೊಳಗೆ ಸೌಂಡ್ ಬಾಕ್ಸಿಗೆ ಕೊಟ್ಟ ಕರೆಂಟು. ಸೀಟಿನ ಹಿಂದೆ ಟಿವಿ ಇದ್ದ ಗುರುತು. ಚಾಸಿಯ ಕೆಳಗೆ ಹಸಿರು ದೀಪ. ಹಳೆಯ ಮಾಲೀಕ ಆಸೆಪಟ್ಟದ್ದೆಲ್ಲ ಅಲ್ಲಿ ವೈರಾಗಿ ಉಳಿದಿತ್ತು. ಮನುಷ್ಯ ರಸಿಕ, ಅನುಮಾನವಿಲ್ಲ.

ಕಾರ್ಪೆಟ್ ಎತ್ತಿದಾಗ ಅದರಡಿಯ ಫೋಮಿನಿಂದ ಹಿಟ್ಟಿನಂಥ ಮಣ್ಣು ಉದುರಿತು. ಕನೆಕ್ಟರ್ ಬಿಡಿಸಿದರೆ ತಾಮ್ರದ ಮೇಲೆ ಹಸಿರು ಕಿಲುಬು. ಮಿಸ್ತ್ರಿ ಬಾಗಿಲಿನ ಪ್ಯಾಡು ಕಳಚಿ ಅದರ ಹಿಂಬದಿಯನ್ನು ಬಿಸಿಲಿಗೆ ಹಿಡಿದ. ಹಾರ್ಡ್‌ಬೋರ್ಡಿನ ಮೇಲೆ ಅಡ್ಡಕ್ಕೆ ಒಂದು ಗೆರೆ. ಗೆರೆಯ ಕೆಳಗೆ ಕಂದು, ಮೇಲೆ ತಿಳಿ. "ಇದು ಹೊಳಿ ನೀರು ಕುಡದ ಗಾಡಿ ಐತ್ರಿ" ಎಂದ.

ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಎದ್ದು ಬಂದು ಕನ್ನಡಕ ಮೇಲೇರಿಸಿ ಆ ಗೆರೆಯನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಸವರಿದರು. ಉಳಿದ ಪ್ಯಾಡುಗಳನ್ನೂ ಕಳಚಿಸಿ ಸಾಲಾಗಿ ನಿಲ್ಲಿಸಿ ನೋಡಿದರು. ಚಿಟಿಕೆ ಮಣ್ಣನ್ನು ಹೆಬ್ಬೆರಳು-ತೋರುಬೆರಳ ನಡುವೆ ತಿಕ್ಕಿದರು. "ಹರಿಯೂ ನೀರಿನ ಗೆರಿ ಹಿಂಗ ಸಪಾಟ ಇರೂದಿಲ್ಲ. ಉಸುಕೂ ಇಲ್ಲ, ಬರೇ ರೇವಿ. ನಿಂತ ನೀರಾಗ ಗಾಡಿ ನಿಂತಲ್ಲೇ ಮುಳಗೇತಿ. ಒಂದ ರಾತ್ರಿ ಅಲ್ಲ, ಮ್ಯಾಲೇ ಆಗೇತಿ." ಯಾವ ನೀರು ಎಂದು ಯಾರೂ ಕೇಳಲಿಲ್ಲ. 2019ರ ಆಗಸ್ಟ್‌ನಲ್ಲಿ ಖಾನಾಪುರದ ಕಡೆ ಮಳೆ ಹಿಡಿದು, ನವಿಲುತೀರ್ಥ ತುಂಬಿ, ಬಿಟ್ಟ ನೀರು ರಾಮದುರ್ಗ ತಾಲ್ಲೂಕನ್ನು ಹೊಕ್ಕಿತ್ತು. ಊರಿಗೆ ಊರೇ ಗಂಜಿ ಕೇಂದ್ರದಲ್ಲಿತ್ತು. ಅಪ್ಪ ಆಗ ನಿವೃತ್ತರಾಗಿದ್ದರೂ ದಿನಾ ಹಳೇ ಸಹೋದ್ಯೋಗಿಗಳಿಗೆ ಫೋನು ಹಚ್ಚಿ ಮಟ್ಟ ಕೇಳಿ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದರು. ತಾನು ಗೇಜು ಓದಿದ ಆಣೆಕಟ್ಟಿನಿಂದ ಹೋದ ನೀರು ಗಾಡಿಯೊಳಗೆ ಕೂತು ಮನೆಗೆ ವಾಪಸು ಬಂದದ್ದು ಅವರಿಗೆ ಒಳಗೊಳಗೇ ಖುಷಿ ಕೊಟ್ಟಿತೇನೋ. ಗಾಡಿ ತಿರುಗಿ ಕೊಡೋಣ ಎಂದ ನನ್ನ ಮಾತಿಗೆ, "ಬ್ಯಾಡ. ತೊಳದ ಒಣಗಿಸಿದ್ರ ಆತು" ಎಂದುಬಿಟ್ಟರು.

ಗಾಡಿಯನ್ನು ಉದ್ದದ ದಾರಿಗೆ ತಯಾರು ಮಾಡುವುದು ಅಂದರೆ ಏನೇನೋ ಹಾಕುವುದು ಅಂತ ನಾನು ತಿಳಿದಿದ್ದೆ. ಮಿಸ್ತ್ರಿಯ ಲೆಕ್ಕ ಬೇರೆ. ಅವನ ಕೈಯಲ್ಲಿ ಗಾಡಿ ಇದ್ದಷ್ಟು ದಿನವೂ ಹೆಚ್ಚು ಹೊತ್ತು ಹೋದದ್ದು ತೆಗೆಯುವುದಕ್ಕೇ. ಗುಲಾಬಿ ವೈರೆಲ್ಲ ಕಿತ್ತು ಗೊಬ್ಬರದ ಚೀಲಕ್ಕೆ ತುಂಬಿದರೆ ಚೀಲ ಕಟ್ಟಲು ಬಾಯಿ ಉಳಿಯಲಿಲ್ಲ. ಹಾರ್ನು, ದೀಪದ ಸಾಲು, ಸುಟ್ಟ ಸ್ವಿಚ್ಚುಗಳೆಲ್ಲ ಅದರೊಳಗೇ ಹೋದವು. ಕಿಲುಬು ಹತ್ತಿದ ಕಂಪನಿ ವೈರನ್ನು ಕಪ್ಪಾದ ತಾಮ್ರ ಮುಗಿದು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಲಗ್ ಒತ್ತಿ, ಬೆಸುಗೆ ಹಾಕಿ, ಸ್ಲೀವ್ ಎಳೆದ. ತೆಗೆದದ್ದು ಹಾಕಿದ್ದಕ್ಕಿಂತ ಹೆಚ್ಚಾಯಿತು, ಗಾಡಿ ಅಷ್ಟರಮಟ್ಟಿಗೆ ಹಗುರಾಯಿತು.

ಹೆಡ್‌ಲೈಟಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮೂರಿನ ಅರ್ಧ ಗಾಡಿಗಳ ರೋಗ ಇದು. ದೀಪ ಮಂದ ಎನ್ನಿಸಿದರೆ ಜನ ದೊಡ್ಡ ಬಲ್ಬು ಹಾಕಿಸುತ್ತಾರೆ. ಮಿಸ್ತ್ರಿ ಬಲ್ಬಿಗೆ ಕೈ ಹಚ್ಚಲಿಲ್ಲ. ದೀಪ ಹಚ್ಚಿಟ್ಟು ಬ್ಯಾಟರಿಯ ಮೇಲೆ ಅಳೆದ, 12.5 ವೋಲ್ಟು. ಬಲ್ಬಿನ ಸಾಕೆಟ್ಟಿನಲ್ಲಿ ಅಳೆದ, 11.2. ನಡುವಿನ 1.3 ವೋಲ್ಟು ತೆಳು ವೈರು, ಕರಟಿದ ಡಿಪ್ಪರ್ ಸ್ವಿಚ್ಚು, ಕಿಲುಬು ಹಿಡಿದ ಅರ್ಥು ಇವೆಲ್ಲ ಹಂಚಿಕೊಂಡು ತಿಂದಿದ್ದವು. ಹತ್ತರಲ್ಲಿ ಒಂದು ಪಾಲು ವೋಲ್ಟೇಜು ಕಡಿಮೆಯಾದರೆ ಇಂಥ ಬಲ್ಬಿನ ಬೆಳಕು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. 60/55 ವ್ಯಾಟಿನ ಕಾಯ್ದೆಯ ಬಲ್ಬುಗಳನ್ನೇ ಇಟ್ಟು, ಬ್ಯಾಟರಿಯಿಂದ ದಪ್ಪ ವೈರು ತಂದು, ಫ್ಯೂಜು ಬ್ಯಾಟರಿಯ ಹತ್ತಿರವೇ ಕೂಡಿಸಿ, ನಡುವೆ ಎರಡು ರಿಲೇ ಹಾಕಿದ. ಈಗ ಎರಡೂ ಬಲ್ಬು ಕೂಡಿ ಎಳೆಯುವ ಹತ್ತು ಆಂಪಿಯರು ಸ್ವಿಚ್ಚಿನೊಳಗೆ ಹಾಯುವುದಿಲ್ಲ, ಸ್ವಿಚ್ಚು ಬರೀ ರಿಲೇಗೆ ಹೇಳುತ್ತದೆ. ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಹೊಸ ಅರ್ಥ್ ಪಟ್ಟಿ ಬಿಗಿದು, ಅದರಡಿಯ ಬಣ್ಣ ಕೆರೆದು ಗ್ರೀಸು ಸವರಿದ.

ಎರಡನೆಯ ಬ್ಯಾಟರಿಯ ಲೆಕ್ಕವನ್ನು ಬಲ್ಬಿನ ಖಾಲಿ ಡಬ್ಬಿಯ ಮೇಲೆ ಬರೆದು ತೋರಿಸಿದ. ಇನ್ಸುಲಿನ್ ಇಡುವ ಚಿಕ್ಕ ತಂಪುಪೆಟ್ಟಿಗೆ 40 ವ್ಯಾಟು, ಅರ್ಧ ಹೊತ್ತು ಓಡಿದರೂ ಹತ್ತು ತಾಸಿಗೆ 200 ವ್ಯಾಟ್-ಅವರ್. ಫ್ಯಾನು 15 ವ್ಯಾಟು, ಎಂಟು ತಾಸಿಗೆ 120. ದೀಪ 10 ವ್ಯಾಟು, ನಾಲ್ಕು ತಾಸಿಗೆ 40. ಕೂಡಿಸಿದರೆ 360, ಹನ್ನೆರಡರಿಂದ ಭಾಗಿಸಿದರೆ 30 ಆಂಪಿಯರ್-ಅವರ್. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಇಳಿಯುತ್ತದೆ, ಹಾಗಾಗಿ 75ರದ್ದು ಸಾಕು. ನಾನು 150ರ ಇನ್ವರ್ಟರ್ ಬ್ಯಾಟರಿಯ ಮಾತೆತ್ತಿದ್ದಕ್ಕೆ, "ಅದನ್ನ ತುಂಬೂ ಡೈನಮೋ ಎಲ್ಲೈತ್ರಿ?" ಎಂದ. ಎಂಜಿನ್ ಓಡುವಾಗ ವೋಲ್ಟೇಜು 13.3ರ ಆಸುಪಾಸು ದಾಟಿದರೆ ಎರಡೂ ಬ್ಯಾಟರಿಗಳನ್ನು ಕೂಡಿಸಿ, 12.8ರ ಕೆಳಗೆ ಇಳಿದರೆ ಬೇರೆ ಮಾಡುವ ಒಂದು ಕಟೌಟು ಹುಬ್ಬಳ್ಳಿಯಿಂದ ತರಿಸಿ ಹಾಕಿದ. ರಾತ್ರಿಯೆಲ್ಲ ಫ್ಯಾನು ತಿರುಗಿದರೂ ಬೆಳಗ್ಗೆ ಸೆಲ್ಫ್ ಎತ್ತುವ ಬ್ಯಾಟರಿ ಮುಟ್ಟಿದ್ದಿಲ್ಲ ಅನ್ನಬೇಕು. ಬ್ಯಾಟರಿ ಚಾರ್ಜಾಗುವಾಗ ಗ್ಯಾಸು ಬಿಡುವುದರಿಂದ ಎರಡನೆಯದನ್ನು ಕ್ಯಾಬಿನ್ನಿನಲ್ಲಿ ಇಡಲಿಲ್ಲ, ಡಾಲಾದ ಮೂಲೆಯಲ್ಲಿ ಗಾಳಿಯಾಡುವ ಪೆಟ್ಟಿಗೆ ಮಾಡಿ ಬೋಲ್ಟು ಬಿಗಿದ.

ಕುಶನ್ ಅಂಗಡಿಯ ಕೆಲಸದಲ್ಲಿ ಮನೆಯ ಹೆಂಗಸರು ಬಾಯಿ ಹಾಕಿದರು, ಒಳ್ಳೆಯದೇ ಆಯಿತು. ಮಖಮಲ್ಲು ಹೋಗಿ ದಪ್ಪ ರೆಕ್ಸಿನ್ ಬಂತು. ಕಾರ್ಪೆಟ್ ಬೇಡವೇ ಬೇಡ ಎಂದವಳು ನನ್ನ ಹೆಂಡತಿ. ಬೈಲಹೊಂಗಲದ ಎರಿ ಮಣ್ಣು ಮಳೆಗಾಲದಲ್ಲಿ ಚಪ್ಪಲಿಗೆ ಹತ್ತಿದರೆ ಇನ್ನೊಂದು ಚಪ್ಪಲಿಯಷ್ಟು ದಪ್ಪ ಆಗುತ್ತದೆ. ಅದನ್ನು ಕಾರ್ಪೆಟ್ಟಿನಿಂದ ತೆಗೆಯುವವಳು ಅವಳು ತಾನೇ. ನೆಲಕ್ಕೆ ತುಕ್ಕು ಕೆರೆದು, ರೆಡಾಕ್ಸೈಡ್ ಬಳಿದು, ಮೇಲೆ ಬರೀ ರಬ್ಬರ್ ಮ್ಯಾಟು. ಬಾಗಿಲಿನ ಪ್ಯಾಡಿಗೆ ಹಾರ್ಡ್‌ಬೋರ್ಡಿನ ಬದಲು ನೀರು ತಡೆಯುವ ತೆಳು ಪ್ಲೈವುಡ್ಡು. ಹಳೆಯ ಗೆರೆಯಿದ್ದ ಒಂದು ಪ್ಯಾಡನ್ನು ಅಪ್ಪ ಮನೆಗೆ ತಂದು ಅಟ್ಟದ ಮೇಲೆ ಇಟ್ಟರು, ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವ್ವ ಹಳೇ ಇಳಕಲ್ ಸೀರೆಯ ತುಂಡು ಕೂಡಿಸಿ ಹಿಂದಿನ ಸೀಟಿನ ಅಳತೆಗೆ ಒಂದು ಕೌದಿ ಹೊಲಿದಳು. ಅವಳ ಬೇಡಿಕೆ ಇದ್ದದ್ದು ಒಂದೇ, ಡ್ಯಾಶ್‌ಬೋರ್ಡಿನ ಮೇಲೆ ಎಲ್ಲಮ್ಮನ ಫೋಟೋದ ಮುಂದೆ ಕೆಂಪು ದೀಪ. ಅಲಂಕಾರದ ಒಂದು ವೈರೂ ಉಳಿಸುವುದಿಲ್ಲ ಎಂದು ಹಟ ಹಿಡಿದಿದ್ದ ಮಿಸ್ತ್ರಿ ಈ ಒಂದಕ್ಕೆ ಮಾತ್ರ ಚಕಾರ ಎತ್ತದೆ, ತನ್ನ ಕಡೆಯಿಂದ ಬೇರೆ ಫ್ಯೂಜು ಹಾಕಿ ಕೊಟ್ಟ. "ಆಯಿದು ಎಷ್ಟ ಕರೆಂಟ ತಿಂದೀತು!"

ಡಾಲಾಕ್ಕೆ ಗೂಡು ಕಟ್ಟಿ ಮಂಚ ಹಾಕಿಸು ಎಂದು ಸಲಹೆ ಕೊಟ್ಟವರು ಬಹಳ. ಕಂಪನಿ ಕೊಟ್ಟ ರೂಪ ಬದಲಿಸುವಂತಿಲ್ಲ ಎನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ವೆಲ್ಡಿಂಗ್ ಮಾಡಿಸಲಿಲ್ಲ. ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಕಳಚುವ ಪೈಪುಗಳು, ಮೇಲೆ ತಾಡಪತ್ರಿ. ಓಡುವಾಗ ಡಾಲಾದಲ್ಲಿ ಸಾಮಾನು ಮಾತ್ರ. ಜಾತ್ರೆಗೆ ಡಾಲಾ ತುಂಬ ಹೆಂಗಸರು, ಮಕ್ಕಳನ್ನು ನಿಲ್ಲಿಸಿಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡು ಬೆಳೆದವನು. ಅದರ ಬಗ್ಗೆ ಭಕ್ತಿಯ ಮಾತು ಹೇಳಿ ಸಮರ್ಥಿಸುವವರ ಜೊತೆ ನನಗೆ ಜಗಳವೇ.

ಮೊದಲ ಪರೀಕ್ಷೆ ಕಿತ್ತೂರು ಉತ್ಸವದಲ್ಲಿ. 1824ರ ಅಕ್ಟೋಬರ್ 23ರಂದು ಬ್ರಿಟಿಷರ ವಿರುದ್ಧ ಕಿತ್ತೂರು ಪಡೆದ ಗೆಲುವಿನ ನೆನಪಿಗೆ ಪ್ರತಿ ವರ್ಷ ಮೂರು ದಿನ ನಡೆಯುವ ಉತ್ಸವ ನೋಡಿಕೊಂಡು ರಾತ್ರಿ ಬೈಲಹೊಂಗಲಕ್ಕೆ ಹೊರಟೆವು. ಅದು ಕಬ್ಬಿನ ಹಂಗಾಮು ಸುರುವಾಗುವ ಕಾಲ. ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಗಳ ಹೊರಚಾಚಿಕೊಂಡು, ರಸ್ತೆ ತುಂಬ ಹೋಗುವ ಕಬ್ಬಿನ ಟ್ರೇಲರುಗಳು. ಮೊದಲಾಗಿದ್ದರೆ ಹತ್ತಿರ ಹೋದ ಮೇಲೆ ಎದೆ ಝಲ್ ಎನ್ನುತ್ತಿತ್ತು, ಈಗ ಬಹಳ ಮುಂಚೆಯೇ ಕಬ್ಬಿನ ಸೋಗೆ ಬೆಳ್ಳಗೆ ಕಾಣಿಸಿತು. ಎದುರಿನಿಂದ ಬಂದವರ ಕಣ್ಣಿಗೂ ನಮ್ಮ ದೀಪ ಚುಚ್ಚಲಿಲ್ಲ. ಮುಂದೆ 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಪೊಲೀಸರು ಕೇಸು ಹಾಕತೊಡಗಿದಾಗ, ಮಿಸ್ತ್ರಿಯ ಅಂಗಡಿ ಮುಂದೆ ದೀಪ ಬಿಚ್ಚಿಸುವವರ ಸಾಲು ನಿಂತಿತ್ತು.

ಎರಡನೆಯದು ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ. ಉಧೋ ಉಧೋ ಅನ್ನುತ್ತ ಎರಚುವ ಭಂಡಾರ ಎಲ್ಲಿ ಹೋಗುವುದಿಲ್ಲ ಹೇಳಿ. ಸ್ವಿಚ್ಚಿನ ಸಂದಿ, ಏಸಿಯ ಬಾಯಿ, ಕಿಟಕಿ ಗಾಜಿನ ರಬ್ಬರು. ಜಾತ್ರೆ ಮುಗಿಸಿ ಬಂದ ಮೇಲೆ ಮಿಸ್ತ್ರಿ ಫ್ಯೂಜ್ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. ಹೊಸ ರಬ್ಬರ್ ಪಟ್ಟಿಯ ಹೊರಗೆ ಅರಿಶಿನದ ಗೆರೆ ಕೂತಿತ್ತು, ಒಳಗೆ ಒಂದು ಕಣವೂ ಇರಲಿಲ್ಲ. ಆ ರಾತ್ರಿ ಗುಡ್ಡದ ಮೇಲೆ ಪಡ್ಡಲಗಿ ತುಂಬಿಸಿ ಉಂಡು ಮಲಗಿದವರ ಪೈಕಿ ಫ್ಯಾನು ಹಚ್ಚಿಕೊಂಡವರು ನಾವೊಬ್ಬರೇ ಏನಲ್ಲ. ಮಗ್ಗುಲಿನ ಗಾಡಿಯಲ್ಲಿ ಟಿವಿಯೂ ಓಡುತ್ತಿತ್ತು. ಬೆಳಗ್ಗೆ ಅದನ್ನು ನೂಕಿ ಚಾಲೂ ಮಾಡಲು ನಾನೂ ಕೈ ಹಚ್ಚಿದೆ.

ಕಣಕುಂಬಿಯಿಂದ ಹೊರಟ ಹೊಳೆಯ ಪ್ರವಾಸದ ಬಗ್ಗೆ ಬರೆಯುವುದು ಬೇರೆಯೇ ಇದೆ. ಮಲಪ್ರಭೆಯ ಉಗಮವನ್ನು ಅಪ್ಪ ತುಸು ಹೊತ್ತು ನೋಡಿ, "ಇಷ್ಟ ಏನು!" ಎಂದದ್ದು, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯ ಮಂಟಪದ ಮೆಟ್ಟಿಲ ಮೇಲೆ ಕೂತು ನೀರಿನ ವೇಗ ಅಂದಾಜು ಮಾಡಿದ್ದು, ಎಲ್ಲ ಅದರಲ್ಲಿ ಬರಬೇಕು. ವೈರಿಂಗು ಎಲ್ಲೂ ಕೈಕೊಡಲಿಲ್ಲ. ಕೈಕೊಟ್ಟದ್ದು ಹಿಂದಿನ ಬಾಗಿಲಿನ ಲಾಕು, ಅದೂ ರಾಮದುರ್ಗದಲ್ಲಿ. ಒಳಗೆ ಕೂತ ಅವ್ವ ಇಳಿಯಲು ಬಾಗಿಲು ತೆರೆಯುತ್ತಿಲ್ಲ. ಹತ್ತಿರದ ಗ್ಯಾರೇಜಿನ ಹುಡುಗ ಪ್ಯಾಡು ಕಳಚಿ ಲಾಕಿನೊಳಗೆ ಗಟ್ಟಿಯಾಗಿದ್ದ ರೇವಿಯನ್ನು ಪಿನ್ನಿನಿಂದ ಕೆದರುತ್ತಿದ್ದಾಗ ಒಳಗಿನಿಂದ ಅವನ ಉಸ್ತಾದ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಾಗಿಲಿನ ಪೊಳ್ಳಿನೊಳಗೆ ಉಳಿದುಹೋಗಿದ್ದ ಒಂದು ಗೇಣು ಗುಲಾಬಿ ವೈರು ಹಿಡಿದು ಎಳೆದ.

"ಇದು ನಾ ಎಳದ ವೈರ್ರಿ!"

ಆಮೇಲೆ ಎಲ್ಲ ಹೊರಬಂತು. 2019ರ ಆ ಆಗಸ್ಟಿನಲ್ಲಿ ಹಳೆಯ ಮಾಲೀಕ ಹಗಲೆಲ್ಲ ಇದೇ ಗಾಡಿಯಲ್ಲಿ ಓಣಿಯ ಜನರನ್ನು, ಮೇಕೆಗಳನ್ನು, ಕಾಳಿನ ಚೀಲಗಳನ್ನು ಎತ್ತರದ ಕಡೆ ಸಾಗಿಸಿದ್ದನಂತೆ. ಡೀಸೆಲ್ಲು ಮುಗಿದು ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ. ಬೆಳಗಾಗುವಷ್ಟರಲ್ಲಿ ನೀರು ಬಂದಿತ್ತು. ಅಪ್ಪ ಇಡೀ ಕಥೆಯಲ್ಲಿ ಕೇಳಿದ್ದು ಒಂದೇ, ನೀರು ಇಳಿಯಲು ಎಷ್ಟು ದಿನ ಹಿಡಿಯಿತು ಅಂತ. "ಮೂರ ದಿನಾರಿ" ಎಂದ ಉಸ್ತಾದ. ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಲಾಕಿನ ಕೆಲಸಕ್ಕೆ ರೊಕ್ಕ ಮುಟ್ಟಲಿಲ್ಲ ಆ ಮನುಷ್ಯ. ಗಾಡಿ ಚಾಲೂ ಮಾಡಿದ ಮೇಲೆ ಕಿಟಕಿಯ ಹತ್ತಿರ ಬಂದು ಸಂಕೋಚದಿಂದ ಕೇಳಿದ. "ಆ ಮ್ಯೂಸಿಕ್ ಹಾರ್ನ್ ಒಗದೀರೇನ್ರಿ? ಹುಬ್ಬಳ್ಳಿಯಿಂದ ಹುಡುಕಿ ತಂದ ಹಾಕಿದ್ದೆ." ಚೀಲ ಇನ್ನೂ ದನದ ಕೊಟ್ಟಿಗೆಯಲ್ಲೇ ಇತ್ತು. ಊರಿಗೆ ಬಂದ ಮೇಲೆ ಹಾರ್ನು ಹುಡುಕಿ ತೆಗೆದು ರಾಮದುರ್ಗದ ಬಸ್ಸಿನಲ್ಲಿ ಕಳಿಸಿದೆ. ಎರಡು ದಿನ ಬಿಟ್ಟು ಫೋನು ಬಂತು. ಟ್ರ್ಯಾಕ್ಟರಿಗೆ ಹಚ್ಚಿದ್ದಾನಂತೆ. ಒಂದು ಸ್ವರ ಮಾತ್ರ ಬರುತ್ತಿಲ್ಲ, ಉಳಿದವೆಲ್ಲ ಚಲೋ ಬಾರಿಸುತ್ತವೆ ಎಂದು ಫೋನಿನಲ್ಲೇ ಒತ್ತಿ ಕೇಳಿಸಿದ.